ವಾಣಿಜ್ಯ ಜಿಜ್ಞಾಸೆ: ಸರ್ವಿಸ್ ಬ್ಲೂಪ್ರಿಂಟ್ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಮಂಗಳೂರು ಮತ್ತು ಉಡುಪಿಯ ಕಾಲೇಜುಗಳಲ್ಲಿ ಬಿ.ಕಾಂ., ಬಿ.ಬಿ.ಎ. ಓದುತ್ತಿರುವವರು ಸೇವಾ ನಿರ್ವಹಣೆಯ ಪಾಠದಲ್ಲಿ ಬರುವ ಸರ್ವಿಸ್ ಬ್ಲೂಪ್ರಿಂಟ್ ಬಗ್ಗೆ ಕೇಳಿದ್ದಾರೆ. ಹೋಟೆಲ್ ಮಾಲೀಕರೊಬ್ಬರು ತಕರಾರಿನ ಧಾಟಿಯಲ್ಲೇ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಪಠ್ಯದಲ್ಲಿ ಸರ್ವಿಸ್ ಬ್ಲೂಪ್ರಿಂಟ್ ಎಂದರೆ ಸೇವಾ ಪ್ರಕ್ರಿಯೆಯ ಚಿತ್ರರೂಪದ ನಿರೂಪಣೆ ಎಂದಷ್ಟೇ ಇದೆ. ಐದು ಅಂಶ, ಮೂರು ಗೆರೆ ಎಂದು ಬಾಯಿಪಾಠ ಮಾಡಿದ್ದೇನೆ. ಆದರೆ ಒಂದು ಬರೆದು ತೋರಿಸು ಎಂದರೆ ಕೈ ಓಡುವುದಿಲ್ಲ. ಮೊದಲಿನಿಂದ ವಿವರಿಸುವಿರಾ? (ಬಿ.ಬಿ.ಎ. ವಿದ್ಯಾರ್ಥಿನಿ, ಉಡುಪಿ)

ಉತ್ತರ: ಕುರ್ಚಿ ಮಾಡಿ ಮಾರುವವನು ಗಿರಾಕಿ ಬರುವ ಮೊದಲೇ ಅದನ್ನು ಮುಗಿಸಿ, ಕಾಲು ಅಲುಗಾಡುತ್ತದೆಯೇ ಎಂದು ನೋಡಿ, ಸರಿಯಿಲ್ಲದ್ದನ್ನು ಬದಿಗಿಡಬಹುದು. ಸೇವೆಯಲ್ಲಿ ಈ ಅನುಕೂಲವಿಲ್ಲ. ಊಟ ಬಡಿಸುವುದು, ರೋಗಿಯನ್ನು ನೋಡುವುದು, ಬಸ್ಸಿನಲ್ಲಿ ಕರೆದೊಯ್ಯುವುದು ಇವೆಲ್ಲ ತಯಾರಾಗುವ ಹೊತ್ತಿನಲ್ಲೇ ಬಳಕೆಯೂ ಆಗಿಬಿಡುತ್ತವೆ. ಅದರಿಂದಾಗಿ ದೋಷವೂ ಗಿರಾಕಿಯ ಕಣ್ಣೆದುರೇ ಹುಟ್ಟಿದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಬಹುಪಾಲು ಬೇರೆಲ್ಲೋ, ಬೇರೊಂದು ಹೊತ್ತಿನಲ್ಲಿ ಹುಟ್ಟಿರುತ್ತದೆ. ಆ ಜಾಗವನ್ನೂ ಆ ಹೊತ್ತನ್ನೂ ಹುಡುಕಲು ನೆರವಾಗುವ ನಕ್ಷೆಯೇ ಬ್ಲೂಪ್ರಿಂಟ್.

ಇದನ್ನು ರೂಪಿಸಿದವರು ಅಮೆರಿಕದ ಬ್ಯಾಂಕ್ ಅಧಿಕಾರಿ ಜಿ. ಲಿನ್ ಶಾಸ್ಟಾಕ್. 1982ರಲ್ಲಿ ಒಂದು ಲೇಖನದಲ್ಲೂ 1984ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲೂ ಅವರು ಈ ವಿಧಾನವನ್ನು ಮಂಡಿಸಿದರು. ಸರಕನ್ನು ತಯಾರಿಸುವ ಮುನ್ನ ಇಂಜಿನಿಯರು ನಕ್ಷೆ ಬರೆಯುತ್ತಾನೆ, ಸೇವೆಯನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ, ಅದು ಬಾಯಿಮಾತಿನಲ್ಲೇ ನಡೆಯುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ಬಹಳ ಚಿಕ್ಕದು: ರಸ್ತೆ ಮೂಲೆಯಲ್ಲಿ ಶೂ ಪಾಲಿಶ್ ಮಾಡುವವನ ಕೆಲಸ. ಧೂಳು ಒರೆಸುವುದು, ಪಾಲಿಶ್ ಹಚ್ಚುವುದು, ಉಜ್ಜಿ ಹೊಳಪು ತರುವುದು, ಹಣ ಪಡೆಯುವುದು, ಇಷ್ಟೇ ಹಂತಗಳು. ಎಲ್ಲಕ್ಕೂ ಸೇರಿ 2 ನಿಮಿಷ ಸಾಕು, ಗಿರಾಕಿ 5 ನಿಮಿಷದವರೆಗೆ ಸಹಿಸಿಕೊಳ್ಳುತ್ತಾನೆ ಎಂದು ಅವರು ಗುರುತು ಹಾಕಿದರು. ತಪ್ಪು ಬಣ್ಣದ ಪಾಲಿಶ್ ಹಚ್ಚುವ ಸಂಭವವಿರುವ ಕಡೆ ಇನ್ನೊಂದು ಗುರುತು. ಅದರ ಕೆಳಗೆ ಒಂದು ಗೆರೆ ಎಳೆದು, ಅದರಡಿಯಲ್ಲಿ ಬ್ರಷ್ಷು, ಪಾಲಿಶ್ ಮೊದಲಾದ ಸಾಮಾನು ಆರಿಸಿ ತರುವ ಕೆಲಸವನ್ನು ಬರೆದರು. ಬೀದಿಯಲ್ಲಿ ಎಲ್ಲರ ಎದುರೇ ಕೂತು ದುಡಿಯುವವನಿಗೂ ಗಿರಾಕಿಗೆ ಕಾಣದ ಕೆಲಸವೊಂದು ಇದ್ದೇ ಇದೆ ಎಂಬುದನ್ನು ನಾಲ್ಕು ಚೌಕ, ಒಂದು ಗೆರೆಯಲ್ಲಿ ಕಾಣಿಸಿದ್ದರಿಂದಲೇ ಆ ಉದಾಹರಣೆ ಇಂದಿಗೂ ಪಾಠವಾಗಿ ಉಳಿದಿದೆ ಎಂದು ನನ್ನ ಭಾವನೆ.

ಈಗ ನಿಮ್ಮ ಊರಿಗೆ ಬರೋಣ. ರಥಬೀದಿಯ ಆಸುಪಾಸಿನ ಯಾವುದಾದರೂ ಸಸ್ಯಾಹಾರಿ ಹೋಟೆಲಿಗೆ ಬೆಳಗ್ಗೆ ಎಂಟೂವರೆಗೆ ಹೋಗಿದ್ದೀರಿ ಎಂದುಕೊಳ್ಳಿ. ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟು, ಎಡದಿಂದ ಬಲಕ್ಕೆ ಹೊತ್ತು ಸಾಗುತ್ತದೆ ಎಂದು ತಿಳಿದು, ಐದು ಸಾಲು ಮಾಡಿಕೊಳ್ಳಿ. ಬರೆಯಲು ತೊಡಗಬೇಕಾದದ್ದು ಮೇಲಿನಿಂದ ಎರಡನೆಯ ಸಾಲಿನಲ್ಲಿ. ಅದು ಗಿರಾಕಿಯ ಸಾಲು: ಒಳಗೆ ಬರುವುದು, ಖಾಲಿ ಜಾಗ ಹುಡುಕುವುದು, ಏನೇನಿದೆ ಎಂದು ಕೇಳುವುದು, ಬೇಕಾದ್ದನ್ನು ಹೇಳುವುದು, ಕಾಯುವುದು, ತಿನ್ನುವುದು, ಬಿಲ್ಲು ಹಿಡಿದು ಗಲ್ಲೆಯ ಬಳಿ ಹೋಗಿ ಹಣ ಕೊಡುವುದು. ವಿದ್ಯಾರ್ಥಿಗಳು ‘ಕಾಯುವುದು’ ಎಂಬುದನ್ನು ಬರೆಯುವುದನ್ನೇ ಮರೆಯುತ್ತಾರೆ. ಹೋಟೆಲಿನವರಿಗೆ ಅದು ಏನೂ ನಡೆಯದ ಹೊತ್ತು, ಹಸಿದು ಬಂದವನಿಗೆ ಅದೇ ಎಲ್ಲಕ್ಕಿಂತ ಉದ್ದದ ಹೊತ್ತು.

ಅದರ ಮೇಲಿನ ಸಾಲಿನಲ್ಲಿ, ಪ್ರತಿ ಹಂತದಲ್ಲೂ ಗಿರಾಕಿಯ ಕಣ್ಣಿಗೆ ಕೈಗೆ ಸಿಗುವ ವಸ್ತುಗಳನ್ನು ಬರೆಯಬೇಕು. ಬಾಗಿಲ ಬಳಿಯ ತಿಂಡಿಯ ಹಲಗೆ, ಕೈ ತೊಳೆಯುವ ಬೇಸಿನ್ನು, ಮೇಜಿನ ಮೇಲೆ ಹಿಂದಿನವರು ಬಿಟ್ಟುಹೋದ ಸಾಂಬಾರಿನ ಕಲೆ, ಸ್ಟೀಲ್ ಲೋಟ, ಬಿಲ್ಲಿನ ಚೀಟಿ ಇವೆಲ್ಲ ಇಲ್ಲಿಗೆ ಸೇರುತ್ತವೆ. ರುಚಿ ನೋಡುವ ಮೊದಲೇ ಗಿರಾಕಿ ಹೋಟೆಲಿನ ಗುಣವನ್ನು ಅಳೆಯುವುದು ಇವುಗಳಿಂದ.

ಮೂರನೆಯ ಸಾಲು, ಗಿರಾಕಿಗೆ ಕಾಣುವಂತೆ ಸಿಬ್ಬಂದಿ ಮಾಡುವ ಕೆಲಸ. ಸಪ್ಲೈಯರ್ ನೀರಿಡುವುದು, ಇರುವ ತಿಂಡಿಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು, ತಟ್ಟೆ ತಂದಿಡುವುದು, ಕ್ಲೀನರ್ ಮೇಜು ಒರೆಸುವುದು. ನಾಲ್ಕನೆಯದು, ಅದೇ ಸಿಬ್ಬಂದಿ ಗಿರಾಕಿಗೆ ಕಾಣದಂತೆ ಮಾಡುವ ಕೆಲಸ. ಸಪ್ಲೈಯರ್ ಅಡುಗೆಮನೆಯ ಕಿಟಕಿಯ ಬಳಿ ನಿಂತು ‘ಒಂದು ಮಸಾಲೆ, ಎರಡು ಬನ್ಸ್’ ಎಂದು ಕೂಗುವುದು, ಚಟ್ನಿ ಬಟ್ಟಲು ತುಂಬಿಕೊಳ್ಳುವುದು, ಯಾವ ಮೇಜಿನದು ಯಾವ ತಟ್ಟೆ ಎಂದು ನೆನಪಿಟ್ಟುಕೊಳ್ಳುವುದು ಇಲ್ಲಿ ಬರುತ್ತವೆ. ಐದನೆಯದು ಬೆಂಬಲದ ಕೆಲಸ. ಕಾವಲಿಯ ಮುಂದೆ ನಿಂತ ಭಟ್ಟರು, ಹಿಟ್ಟು ರುಬ್ಬುವ ಗ್ರೈಂಡರ್, ಉಗ್ರಾಣ, ಗ್ಯಾಸಿನ ಸಿಲಿಂಡರು, ಬೆಳಗಿನ ಹಾಲು ಹೀಗೆ ಗಿರಾಕಿಯೊಡನೆ ನೇರವಾಗಿ ವ್ಯವಹರಿಸದ ಎಲ್ಲರೂ ಎಲ್ಲವೂ ಈ ಸಾಲಿನವರು.

ಇನ್ನು ಗೆರೆಗಳು. ಎರಡನೆಯ ಮತ್ತು ಮೂರನೆಯ ಸಾಲಿನ ನಡುವಿನದು ಗಿರಾಕಿಯೂ ಸಿಬ್ಬಂದಿಯೂ ಎದುರಾಗುವ ಒಡನಾಟದ ಗೆರೆ. ಮೂರು ಮತ್ತು ನಾಲ್ಕರ ನಡುವಿನದು ಗೋಚರ ಗೆರೆ, ಅದರ ಕೆಳಗಿನದು ಗಿರಾಕಿಗೆ ಕಾಣದು. ನಾಲ್ಕು ಮತ್ತು ಐದರ ನಡುವಿನದು ಒಳ ಒಡನಾಟದ ಗೆರೆ. ಶಾಸ್ಟಾಕ್ ಅವರ ಮೊದಲ ನಕ್ಷೆಗಳಲ್ಲಿ ಗೋಚರ ಗೆರೆಗೇ ಪ್ರಾಧಾನ್ಯವಿತ್ತು. ಈಗ ನೀವು ಕಲಿಯುತ್ತಿರುವ ಐದು ಸಾಲು ಮೂರು ಗೆರೆಯ ರೂಪ ನಂತರದ ವಿದ್ವಾಂಸರ ಕೈಯಲ್ಲಿ ಬೆಳೆದದ್ದು. ಮೇರಿ ಜೋ ಬಿಟ್ನರ್ ಮತ್ತು ಸಂಗಡಿಗರು 2008ರಲ್ಲಿ ಬರೆದ ಲೇಖನ ಇದನ್ನು ಹೆಚ್ಚು ಪ್ರಚಲಿತಗೊಳಿಸಿತು.

ಯಕ್ಷಗಾನ ನೋಡಿ ಬೆಳೆದ ನಿಮ್ಮ ಕಡೆಯವರಿಗೆ ಗೋಚರ ಗೆರೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಂಗಸ್ಥಳಕ್ಕೆ ಒಂದು ವೇಷ ಬರುವುದು ತಡವಾದರೆ ಭಾಗವತರು ಹೇಗೋ ಹೊತ್ತು ತುಂಬಿಸಬೇಕಾಗುತ್ತದೆ. ಪ್ರೇಕ್ಷಕನಿಗೆ ಕಾಣುವುದು ಎಳೆದಾಡಿದ ಪದ್ಯ, ತಡವಾದದ್ದು ವೇಷ ಕಟ್ಟುವ ಚೌಕಿಯಲ್ಲಿ, ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಿದ್ದಾಗ.

ಹೋಟೆಲಿನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಒಂಬತ್ತೂವರೆಗೆ ಬಂದ ಗಿರಾಕಿ ಬನ್ಸ್ ಕೇಳುತ್ತಾನೆ. ‘ಮುಗಿಯಿತು’ ಎನ್ನುತ್ತಾನೆ ಸಪ್ಲೈಯರ್. ಗಿರಾಕಿಯ ಮುಖ ಗಂಟಾಗುವುದು ಸಪ್ಲೈಯರನ ಮೇಲೆ. ಆದರೆ ಬನ್ಸ್ ಹಿಟ್ಟು ದೋಸೆ ಹುಯ್ದಂತೆ ಆಗಿಂದಾಗ್ಗೆ ಆಗುವ ವಸ್ತುವಲ್ಲ. ಕಳಿತ ಬಾಳೆಹಣ್ಣು ಕಿವುಚಿ, ಸಕ್ಕರೆ, ಮೊಸರು, ಮೈದಾ ಸೇರಿಸಿ ನಾದಿ, ರಾತ್ರಿಯಿಡೀ ಇಟ್ಟರೆ ಬೆಳಗ್ಗೆ ಲಟ್ಟಿಸಿ ಕರಿಯಬಹುದು. ಅಂದರೆ ಇವತ್ತಿನ ‘ಮುಗಿಯಿತು’ ನಿನ್ನೆ ರಾತ್ರಿ ಹಿಟ್ಟು ಕಲಸುವಾಗಲೇ ತೀರ್ಮಾನವಾಗಿತ್ತು. ಎಷ್ಟು ಕಲಸಬೇಕೆಂದು ಭಟ್ಟರು ಅಂದಾಜು ಮಾಡಿದ್ದು ವಾರದ ದಿನದ ಲೆಕ್ಕದಲ್ಲಿ. ಮರುದಿನ ರಜೆ, ಮಠಕ್ಕೆ ಹೊರಜಿಲ್ಲೆಯ ಬಸ್ಸುಗಳು ಬರುತ್ತವೆ ಎಂಬುದು ಗಲ್ಲೆಯಲ್ಲಿ ಕೂತವರಿಗೆ ಗೊತ್ತಿತ್ತು, ಅಡುಗೆಮನೆಗೆ ಯಾರೂ ಹೇಳಿರಲಿಲ್ಲ. ನಿಮ್ಮ ಹಾಳೆಯಲ್ಲಿ ಗಲ್ಲೆಯಿಂದ ಅಡುಗೆಮನೆಗೆ ಬಾಣದ ಗುರುತು ಹಾಕಲು ಹೋದರೆ, ಅಂಥ ಬಾಣವೇ ಇಲ್ಲವೆಂಬುದು ಕಾಣುತ್ತದೆ. ಸಪ್ಲೈಯರನಿಗೆ ನಗುಮುಖದ ತರಬೇತಿ ಕೊಡಿಸಿದರೆ ಬನ್ಸ್ ಹುಟ್ಟುವುದಿಲ್ಲ. ಸಂಜೆ ಗಲ್ಲೆ ಮುಚ್ಚುವ ಮೊದಲು ‘ಇವತ್ತು ಎಷ್ಟು ಗಂಟೆಗೆ ಯಾವುದು ಮುಗಿಯಿತು, ನಾಳೆ ಏನು ವಿಶೇಷ’ ಎಂಬ ಒಂದು ಚೀಟಿ ಒಳಗೆ ಹೋದರೆ ಹುಟ್ಟಬಹುದು.

ಪ್ರಶ್ನೆ: ಇದಕ್ಕೂ ಫ್ಲೋ ಚಾರ್ಟ್‌ಗೂ ಏನು ವ್ಯತ್ಯಾಸ? ಕಸ್ಟಮರ್ ಜರ್ನಿ ಮ್ಯಾಪ್ ಎಂಬುದೂ ಇದೇ ಅಲ್ಲವೇ? (ಬಿ.ಕಾಂ. ವಿದ್ಯಾರ್ಥಿ, ಕುಂದಾಪುರ)

ಉತ್ತರ: ಫ್ಲೋ ಚಾರ್ಟ್‌ನಲ್ಲಿ ಕೆಲಸಗಳ ಕ್ರಮವಿರುತ್ತದೆ, ಆ ಕೆಲಸ ಗಿರಾಕಿಗೆ ಕಾಣುತ್ತದೆಯೋ ಇಲ್ಲವೋ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಸಂಸ್ಥೆ ತನ್ನ ಅನುಕೂಲಕ್ಕೆ ಬರೆದುಕೊಂಡ ಫ್ಲೋ ಚಾರ್ಟ್‌ನಲ್ಲಿ ಗಿರಾಕಿ ಕೆಲವೊಮ್ಮೆ ಒಂದು ಅರ್ಜಿಯಾಗಿ ಮಾತ್ರ ಬರುತ್ತಾನೆ. ಜರ್ನಿ ಮ್ಯಾಪ್‌ನದು ಇದರ ತಿರುಗುಮುರುಗು. ಗಿರಾಕಿ ಏನು ಮಾಡಿದ, ಏನು ಅನ್ನಿಸಿತು, ಎಲ್ಲಿ ಬೇಸರವಾಯಿತು ಎಂಬುದನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಆ ಬೇಸರಕ್ಕೆ ಕಾರಣ ಯಾವ ವಿಭಾಗದಲ್ಲಿದೆ ಎಂದು ಹೇಳುವುದಿಲ್ಲ. ಬ್ಲೂಪ್ರಿಂಟ್‌ನಲ್ಲಿ ಗಿರಾಕಿಯ ಒಂದೊಂದು ಹೆಜ್ಜೆಯಿಂದಲೂ ಲಂಬವಾಗಿ ಕೆಳಗಿಳಿದು, ಅದನ್ನು ಹೊತ್ತುಕೊಂಡಿರುವ ಒಳಗಿನ ಕೆಲಸವನ್ನು ಓದಬಹುದು. ಅಡ್ಡಲಾಗಿ ಮಾತ್ರ ಓದಿದವನು ಫ್ಲೋ ಚಾರ್ಟನ್ನೇ ಓದಿದ ಹಾಗೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಇದಿಷ್ಟನ್ನು ಒಂದು ಪುಟ್ಟ ಚಿತ್ರದೊಡನೆ ಬರೆಯಿರಿ, ಎರಡು ಪುಟದ ಕೋಷ್ಟಕ ಬೇಕಿಲ್ಲ.

ಪ್ರಶ್ನೆ: ಆಸ್ಪತ್ರೆಯ ಹೊರರೋಗಿ ವಿಭಾಗದ ಬ್ಲೂಪ್ರಿಂಟ್ ಅನ್ನು ಪ್ರಾಜೆಕ್ಟ್ ಆಗಿ ಆರಿಸಿಕೊಂಡಿದ್ದೇವೆ. ನಾಲ್ವರ ತಂಡ. ಬರೆಯುತ್ತಾ ಹೋದಂತೆ ಹಾಳೆ ತುಂಬಿ, ಬಾಣಗಳು ಒಂದರ ಮೇಲೊಂದು ಹಾದು, ನಮಗೇ ಓದಲಾಗದಂತಾಗಿದೆ. ಹೇಗೆ ಸರಿಪಡಿಸುವುದು? (ಎಂ.ಬಿ.ಎ. ವಿದ್ಯಾರ್ಥಿಗಳು, ಮಣಿಪಾಲ)

ಉತ್ತರ: ನೀವು ಕಳುಹಿಸಿದ ಕರಡನ್ನು ನೋಡಿದೆ. ಮೊದಲ ಬಾರಿ ಬರುವ ರೋಗಿ, ಮರಳಿ ತೋರಿಸಲು ಬರುವ ರೋಗಿ, ಬೇರೆ ವೈದ್ಯರ ಚೀಟಿ ಹಿಡಿದು ಬರುವವರು, ವಿಮೆಯವರು ಎಲ್ಲರನ್ನೂ ಒಂದೇ ನಕ್ಷೆಯಲ್ಲಿ ತುರುಕಿದ್ದೀರಿ. ಒಂದು ನಕ್ಷೆಗೆ ಒಂದೇ ಬಗೆಯ ಗಿರಾಕಿ, ಒಂದೇ ಆರಂಭ, ಒಂದೇ ಮುಕ್ತಾಯ ಇರಬೇಕು. ಮೊದಲ ಬಾರಿ ಬಂದ ಹೊರರೋಗಿ ಗೇಟಿನೊಳಗೆ ಕಾಲಿಟ್ಟಲ್ಲಿಂದ ಔಷಧಿ ಕೈಗೆ ಬರುವವರೆಗೆ ಎಂದು ಮಿತಿ ಹಾಕಿಕೊಳ್ಳಿ. ಉಳಿದವರಿಗೆ ಬೇಕಿದ್ದರೆ ಬೇರೆ ಹಾಳೆ.

ಎರಡನೆಯದಾಗಿ, ಕರಡಿನಲ್ಲಿರುವುದು ಆಸ್ಪತ್ರೆಯವರು ಹೇಳಿದ ಕ್ರಮ, ನೀವು ಕಂಡ ಕ್ರಮವಲ್ಲ. ‘ರೋಗಿ ನೋಂದಣಿ ಕೌಂಟರಿಗೆ ಬರುತ್ತಾನೆ’ ಎಂಬಲ್ಲಿಂದ ಅದು ತೊಡಗುತ್ತದೆ. ಆದರೆ ಕಾಸರಗೋಡಿನಿಂದಲೋ ಉತ್ತರ ಕನ್ನಡದಿಂದಲೋ ಬೆಳಗಿನ ಬಸ್ಸು ಹತ್ತಿ ಬಂದವರಿಗೆ ಮೊದಲ ಹೆಜ್ಜೆ, ಆ ಕೌಂಟರು ಎಲ್ಲಿದೆ ಎಂದು ಕೇಳುವುದು. ಯಾರನ್ನು ಕೇಳುತ್ತಾರೆ? ಸಾಮಾನ್ಯವಾಗಿ ಸೆಕ್ಯುರಿಟಿಯವರನ್ನು. ನಿಮ್ಮ ನಕ್ಷೆಯ ಮೂರನೆಯ ಸಾಲಿನಲ್ಲಿ ಸೆಕ್ಯುರಿಟಿಯವರೇ ಇಲ್ಲ. ಕರಾವಳಿಯ ಆಸ್ಪತ್ರೆಯಲ್ಲಿ ಒಂದೇ ಬೆಂಚಿನ ಮೇಲೆ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಮಾತನಾಡುವವರು ಕೂತಿರುತ್ತಾರೆ. ಹಲಗೆಗಳು ಯಾವ ಭಾಷೆಯಲ್ಲಿವೆ, ಟೋಕನ್ ಸಂಖ್ಯೆಯನ್ನು ಯಾವ ಭಾಷೆಯಲ್ಲಿ ಕೂಗುತ್ತಾರೆ ಎಂಬುದು ಮೊದಲ ಸಾಲಿಗೂ ಮೂರನೆಯ ಸಾಲಿಗೂ ಸೇರಿದ ವಿಷಯ. ಅನುಮತಿ ಪಡೆದು, ಯಾರ ಹೆಸರು ಕಾಯಿಲೆಗಳನ್ನೂ ಬರೆದುಕೊಳ್ಳದೆ, ಕಾಯುವ ಸ್ಥಳದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕೂತುನೋಡಿ.

ಮೂರನೆಯದು, ಕಾಲ. ಪ್ರತಿ ಹಂತದ ಕೆಳಗೆ ಎರಡು ಹೊತ್ತು ಬರೆಯಬೇಕು: ಕೆಲಸಕ್ಕೆ ಹಿಡಿಯುವ ಹೊತ್ತು ಮತ್ತು ಅದಕ್ಕೆ ಮುನ್ನ ಕಾದ ಹೊತ್ತು. ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹಿಂಬಾಲಿಸಿ ಅಳೆಯುವುದು ಕಷ್ಟವಾದರೆ ಒಂದು ಸುಲಭ ಸೂತ್ರವಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಈ ಸೂತ್ರದ ಪ್ರಕಾರ, ಬರುವವರೂ ಹೋಗುವವರೂ ಹೆಚ್ಚುಕಡಿಮೆ ಸಮನಾಗಿರುವ ಕಡೆ, ಸರಾಸರಿ ಕಾಯುತ್ತಿರುವವರ ಸಂಖ್ಯೆಯನ್ನು ಗಂಟೆಗೆ ಒಳಹೋಗುವವರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ಹೊತ್ತು ದೊರೆಯುತ್ತದೆ. ವೈದ್ಯರ ಕೋಣೆಯ ಹೊರಗೆ ಯಾವಾಗ ನೋಡಿದರೂ ಸುಮಾರು 30 ಮಂದಿ ಇದ್ದು, ಗಂಟೆಗೆ 20 ಮಂದಿ ಒಳಹೋಗುತ್ತಿದ್ದರೆ, ಒಬ್ಬೊಬ್ಬರೂ ಸರಾಸರಿ ಒಂದೂವರೆ ಗಂಟೆ ಕಾಯುತ್ತಿದ್ದಾರೆ ಎಂದರ್ಥ. ತಲೆ ಎಣಿಸಿದರೆ ಸಾಕು, ಯಾರನ್ನೂ ಪೀಡಿಸಬೇಕಾಗಿಲ್ಲ.

ಆಮೇಲೆ ಕೆಡುವ ಸಂಭವವಿರುವ ಜಾಗಗಳಿಗೆ ಒಂದು ಗುರುತು, ಕಾಯಬೇಕಾದ ಜಾಗಗಳಿಗೆ ಇನ್ನೊಂದು ಗುರುತು ಹಾಕಿ. ಎಲ್ಲ ಚೌಕಕ್ಕೂ ಕೆಂಪು ಬಳಿದರೆ ಏನನ್ನೂ ಹೇಳಿದಂತಾಗದು, ಐದಾರನ್ನು ಮಾತ್ರ ಆರಿಸಿ. ಪ್ರತಿಯೊಂದರ ಎದುರೂ ‘ಇದರ ಮೂಲ ಯಾವ ಸಾಲಿನಲ್ಲಿದೆ’ ಎಂದು ಬರೆಯಿರಿ. ಉದಾಹರಣೆಗೆ ವೈದ್ಯರು ಹತ್ತು ನಿಮಿಷ ಸುಮ್ಮನೆ ಕೂತಿದ್ದಾರೆ, ಹೊರಗೆ ರೋಗಿಯೂ ಕೂತಿದ್ದಾರೆ ಎಂದಾದರೆ ಇಬ್ಬರೂ ಕಾಯುತ್ತಿರುವುದು ಬಹುಶಃ ರಕ್ತಪರೀಕ್ಷೆಯ ವರದಿಗೆ. ಪ್ರಯೋಗಾಲಯದವರು ವರದಿ ಸಿದ್ಧವಾಯಿತೆಂದು ಯಾರಿಗೆ, ಹೇಗೆ ತಿಳಿಸುತ್ತಾರೆ ಎಂದು ಕೇಳಿ. ಅದನ್ನು ಪ್ರಯೋಗಾಲಯದವರ ಬಾಯಿಂದಲೇ ಕೇಳಬೇಕು, ಆಡಳಿತ ಕಚೇರಿಯಿಂದ ಕೇಳಿದರೆ ಇರಬೇಕಾದ ಕ್ರಮ ಸಿಗುತ್ತದೆ, ಇರುವ ಕ್ರಮ ಸಿಗುವುದಿಲ್ಲ.

ಪ್ರಶ್ನೆ: ಪಠ್ಯದ ಉದಾಹರಣೆಗಳೆಲ್ಲ ಅಮೆರಿಕದ ಹೋಟೆಲು, ವಿಮಾನ ಕಂಪನಿಗಳವು. ನಮ್ಮ ಜಿಲ್ಲೆಯ ಹಳೆಯ ಸಂಸ್ಥೆಗಳಲ್ಲಿ ಇದಕ್ಕೆ ತಕ್ಕ ಉದಾಹರಣೆ ಇಲ್ಲವೇ? (ಬಿ.ಕಾಂ. ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಧಾರಾಳವಾಗಿದೆ. ಬ್ಯಾಂಕುಗಳ ತವರು ಎನ್ನಿಸಿಕೊಂಡ ಜಿಲ್ಲೆಯವರು ನೀವು. ಕೆನರಾ ಬ್ಯಾಂಕು ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು ಒಂದೇ ವರ್ಷ, 1906ರಲ್ಲಿ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆ ಸಂಸ್ಥೆ 1928ರಲ್ಲಿ ತಂದ ಪಿಗ್ಮಿ ಠೇವಣಿಯನ್ನು ಎತ್ತಿಕೊಳ್ಳಿ. ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆ ಉಳಿಸಬಲ್ಲವರ ಮನೆ, ಅಂಗಡಿಗಳ ಬಾಗಿಲಿಗೇ ಏಜೆಂಟರು ಹೋಗಿ ಸಂಗ್ರಹಿಸುವ ಯೋಜನೆ ಅದು.

ಬ್ಲೂಪ್ರಿಂಟ್‌ನ ಕಣ್ಣಿನಿಂದ ನೋಡಿದರೆ ಇದರಲ್ಲಿ ಆದ ಬದಲಾವಣೆ ದೊಡ್ಡದು. ಗಿರಾಕಿಯ ಸಾಲಿನಿಂದ ‘ಅಂಗಡಿ ಮುಚ್ಚುವುದು, ಬ್ಯಾಂಕಿಗೆ ಹೋಗುವುದು, ಚಲನ್ ತುಂಬುವುದು, ಸಾಲಿನಲ್ಲಿ ನಿಲ್ಲುವುದು’ ಎಂಬ ಹೆಜ್ಜೆಗಳೆಲ್ಲ ಒಮ್ಮೆಗೇ ಅಳಿಸಿಹೋದವು. ಅವು ಮಾಯವಾಗಲಿಲ್ಲ, ಗೆರೆ ದಾಟಿ ಕೆಳಗಿಳಿದವು. ಏಜೆಂಟರು ಮನೆಮನೆ ಸುತ್ತಬೇಕು, ತಂದ ಹಣ ಶಾಖೆಗೆ ಸೇರಬೇಕು, ಒಬ್ಬೊಬ್ಬರ ಖಾತೆಗೂ ಚಿಲ್ಲರೆಯ ಲೆಕ್ಕ ಬೀಳಬೇಕು. ಗಿರಾಕಿಗೆ ಹಗುರವಾದಷ್ಟೂ ಒಳಗಿನವರಿಗೆ ಭಾರವಾಗುವ ಈ ಲೆಕ್ಕಾಚಾರ ಎಲ್ಲ ಸೇವೆಯಲ್ಲೂ ಇದೆ, ಪಿಗ್ಮಿಯಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ. ಕೆಡುವ ಜಾಗವೂ ಸ್ಪಷ್ಟ: ಹಣ ಕೈಬದಲಾಗುವ ಕ್ಷಣಕ್ಕೂ ಅದು ಖಾತೆಯಲ್ಲಿ ಬೀಳುವ ಕ್ಷಣಕ್ಕೂ ನಡುವಿನ ಅಂತರ. ಆ ಅಂತರದಲ್ಲಿ ಗಿರಾಕಿಯ ಕೈಯಲ್ಲಿ ಉಳಿಯುವ ಏಕೈಕ ಭೌತಿಕ ಸಾಕ್ಷ್ಯ ರಸೀದಿ. ಅದನ್ನು ‘ಏಜೆಂಟರು ಪರಿಚಯದವರು, ಇರಲಿ ಬಿಡಿ’ ಎಂದು ಬಿಟ್ಟುಕೊಡುವ ಗಿರಾಕಿಯೂ ನಕ್ಷೆಯಲ್ಲಿ ಗುರುತಿಸಬೇಕಾದ ಒಂದು ದುರ್ಬಲ ಜಾಗವೇ.

ಪ್ರಶ್ನೆ: ನಮ್ಮ ಹೋಟೆಲು ತಂದೆಯವರ ಕಾಲದಿಂದ ನಡೆಯುತ್ತಿದೆ. ಯಾವ ನಕ್ಷೆಯೂ ಇಲ್ಲದೆ ಗಿರಾಕಿಗಳು ಬರುತ್ತಿದ್ದಾರೆ. ಈಚೆಗೆ ಕಾಲೇಜಿನ ಮಕ್ಕಳು ಕಾಗದ ಹಿಡಿದು ಬಂದು, ನಮ್ಮ ಹುಡುಗರನ್ನು ನಿಲ್ಲಿಸಿ ಪ್ರಶ್ನೆ ಕೇಳಿ, ಹೊತ್ತು ಕಳೆದು ಹೋದರು. ಇದರಿಂದ ನಮಗೇನು ಪ್ರಯೋಜನ? (ಹೋಟೆಲ್ ಮಾಲೀಕರು, ಮಂಗಳೂರು)

ಉತ್ತರ: ಬೆಳಗಿನ ತಿಂಡಿಯ ಹೊತ್ತಿನಲ್ಲಿ ಸಪ್ಲೈಯರನ್ನು ನಿಲ್ಲಿಸಿ ಪ್ರಶ್ನೆ ಕೇಳಿದ್ದರೆ ಅದು ಆ ವಿದ್ಯಾರ್ಥಿಗಳ ಅವಿವೇಕ, ಅವರೂ ಈ ಅಂಕಣ ಓದುತ್ತಾರೆಂದು ಆಶಿಸುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಬಂದಿದ್ದರೆ ಒಂದು ಕಾಫಿಯೂ ಸಿಗುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆಗೆ. ಸಾಂಬಾರಿನ ಹದವನ್ನು ಯಾವ ನಕ್ಷೆಯೂ ಕಲಿಸುವುದಿಲ್ಲ. ಬಡಿಸುವವನ ಮಾತಿನಲ್ಲಿರುವ ವಿಶ್ವಾಸವೂ ಚೌಕಗಳಲ್ಲಿ ಹಿಡಿಯುವಂಥದ್ದಲ್ಲ. ನಿಮ್ಮ ಹೋಟೆಲಿಗೆ ನಕ್ಷೆ ಇಲ್ಲವೆಂಬುದೂ ಪೂರ್ತಿ ಸರಿಯಲ್ಲ, ಅದು ನಿಮ್ಮ ತಲೆಯಲ್ಲೂ ಹಳೆಯ ಭಟ್ಟರ ತಲೆಯಲ್ಲೂ ಇದೆ. ಭಟ್ಟರು ಮಗಳ ಮದುವೆಗೆಂದು ಹದಿನೈದು ದಿನ ಊರಿಗೆ ಹೋದಾಗ, ಅಥವಾ ನೀವು ಸುರತ್ಕಲ್ಲಿನಲ್ಲೋ ಬೆಂಗಳೂರಿನಲ್ಲೋ ಎರಡನೆಯ ಹೋಟೆಲು ತೆರೆಯುವ ಯೋಚನೆ ಮಾಡಿದಾಗ, ತಲೆಯೊಳಗಿನ ನಕ್ಷೆ ಸಾಲುವುದಿಲ್ಲ. ಎರಡು ಕಡೆ ಒಂದೇ ಹೊತ್ತಿಗೆ ನಿಲ್ಲಲು ಯಾವ ಮಾಲೀಕನಿಗೂ ಸಾಧ್ಯವಿಲ್ಲ.

ಇನ್ನೊಂದು ಉಪಯೋಗವೆಂದರೆ ಗೋಚರ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯೋಚಿಸಿ ನಿರ್ಧರಿಸುವುದು. ದೋಸೆ ಕಾವಲಿಯನ್ನು ಮುಂದೆ ತಂದು ಗಾಜಿನ ಹಿಂದೆ ಇಟ್ಟ ಹೋಟೆಲುಗಳನ್ನು ನೀವು ನೋಡಿದ್ದೀರಿ. ಅಲ್ಲಿ ಗೆರೆ ಒಂದಿಷ್ಟು ಕೆಳಗೆ ಸರಿದಿದೆ, ಗಿರಾಕಿಗೆ ನಂಬಿಕೆ ಬರುತ್ತದೆ, ಕಾಯುವ ಹೊತ್ತೂ ನೋಡುತ್ತಾ ಕಳೆಯುತ್ತದೆ. ಅದರ ಜತೆಗೆ ಭಟ್ಟರ ಬೆವರು, ಕೈಯ ಶುಚಿ, ಸಿಡುಕು ಎಲ್ಲವೂ ಪ್ರದರ್ಶನಕ್ಕೆ ಬರುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸರಿಸಬೇಕು.

ತಪ್ಪು ಆಗದಂತೆ ಮೊದಲೇ ಅಡ್ಡಗಟ್ಟುವ ಸಣ್ಣ ಏರ್ಪಾಡುಗಳೂ ನಕ್ಷೆಯಿಂದ ಹೊಳೆಯುತ್ತವೆ. ಜಪಾನಿನ ಶಿಗಿಯೊ ಶಿಂಗೊ ಕಾರ್ಖಾನೆಗಳಿಗೆ ಕಲಿಸಿದ ಪೋಕಾ-ಯೋಕೆ ಎಂಬ ಈ ಉಪಾಯವನ್ನು ಆಮೇಲೆ ಸೇವೆಗಳಿಗೂ ಹೊಂದಿಸಿಕೊಂಡರು. ಕಾರ್ಡು ಮರೆತು ಹೋಗದಿರಲಿ ಎಂದು ಮೊದಲು ಕಾರ್ಡು ಹೊರಗೆ ಬಿಟ್ಟು ಆಮೇಲೆ ಹಣ ಕೊಡುವ ಎಟಿಎಂ ಅಂಥದ್ದೇ ಏರ್ಪಾಡು. ಪಾರ್ಸೆಲಿನಲ್ಲಿ ಚಟ್ನಿ ಬಿಟ್ಟುಹೋಗುವ ದೂರು ನಿಮ್ಮಲ್ಲಿಯೂ ಇದ್ದರೆ, ಹುಡುಗರನ್ನು ಬೈಯುವ ಮೊದಲು, ಚಟ್ನಿ ಪೊಟ್ಟಣವನ್ನು ಚೀಲಕ್ಕೆ ಮೊದಲು ಹಾಕಿ ಆಮೇಲೆ ಇಡ್ಲಿ ಇಡುವ ಕ್ರಮವನ್ನು ಮಾಡಿನೋಡಿ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಕ್ಷೆಯಲ್ಲಿ ಬರೆದ ನಿಮಿಷಗಳನ್ನು ಹಿಡಿದು ಸಿಬ್ಬಂದಿಯ ಹಿಂದೆ ಗಡಿಯಾರ ಇಟ್ಟುಕೊಂಡು ಓಡುವ ಮಾಲೀಕರಿದ್ದಾರೆ. ತಡಕ್ಕೆ ಕಾರಣ ಒಂದೇ ಕಾವಲಿ ಇರುವುದು ಎಂದಾದರೆ, ಸಪ್ಲೈಯರ್ ಎಷ್ಟು ಓಡಿದರೂ ದೋಸೆ ಬೇಗ ಬೇಯದು.

ಪ್ರಶ್ನೆ: ಸಂಕೀರ್ಣತೆ ಮತ್ತು ವೈವಿಧ್ಯ ಎಂಬ ಎರಡು ಮಾತುಗಳು ಬ್ಲೂಪ್ರಿಂಟ್ ಪಾಠದಲ್ಲಿ ಬರುತ್ತವೆ. ಎರಡೂ ಒಂದೇ ಎನ್ನಿಸುತ್ತದೆ. (ಬಿ.ಬಿ.ಎ. ವಿದ್ಯಾರ್ಥಿ, ಪುತ್ತೂರು)

ಉತ್ತರ: ಇವು ಶಾಸ್ಟಾಕ್ ಅವರೇ 1987ರ ಲೇಖನವೊಂದರಲ್ಲಿ ಮಂಡಿಸಿದ ಪರಿಕಲ್ಪನೆಗಳು, ಮತ್ತು ಬೇರೆ ಬೇರೆ. ಹಂತಗಳು ಎಷ್ಟಿವೆ, ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಎಂಬುದು ಸಂಕೀರ್ಣತೆ. ಒಂದೊಂದು ಹಂತದಲ್ಲೂ ಮಾಡುವವನಿಗೆ ತನ್ನ ವಿವೇಚನೆ ಬಳಸಲು ಎಷ್ಟು ಅವಕಾಶವಿದೆ ಎಂಬುದು ವೈವಿಧ್ಯ. ನಿಂತು ತಿನ್ನುವ ದರ್ಶಿನಿಯಲ್ಲಿ ಟೋಕನ್ ಪಡೆದು, ಕೌಂಟರಿನಲ್ಲಿ ಕೊಟ್ಟು, ತಟ್ಟೆ ತೆಗೆದುಕೊಳ್ಳುತ್ತೀರಿ. ಹಂತಗಳೂ ಕಡಿಮೆ, ವಿವೇಚನೆಗೂ ಎಡೆ ಕಡಿಮೆ. ಮದುವೆ ಮನೆಗೆ ಬರುವ ಅಡುಗೆಯವರಲ್ಲಿ ಎರಡೂ ಹೆಚ್ಚು: ಸಾಮಾನಿನ ಪಟ್ಟಿಯಿಂದ ಹಂತಿ ಹಾಕಿ ಬಡಿಸುವವರೆಗೆ ನೂರೆಂಟು ಕೆಲಸಗಳು, ಪ್ರತಿಯೊಂದರಲ್ಲೂ ಮನೆಯವರ ಇಷ್ಟ, ಜನ ಎಷ್ಟು ಬಂದರು, ಅಂದಿನ ತರಕಾರಿ ಹೇಗಿತ್ತು ಎಂಬುದನ್ನು ನೋಡಿ ಮಾಡುವ ತೀರ್ಮಾನ. ಹಲ್ಲಿನ ವೈದ್ಯರ ಮುಂದೆ ಹಂತಗಳು ಅಷ್ಟೇನೂ ಇರಲಿಕ್ಕಿಲ್ಲ, ಆದರೆ ಪ್ರತಿ ಬಾಯಿಗೂ ತೀರ್ಮಾನ ಬೇರೆ. ಒಂದು ಸಂಸ್ಥೆ ಇವೆರಡನ್ನು ಏರಿಸುವ, ಇಳಿಸುವ ಮೂಲಕ ಮಾರುಕಟ್ಟೆಯಲ್ಲಿ ತನ್ನ ಸ್ಥಾನ ಬದಲಿಸಿಕೊಳ್ಳಬಹುದು ಎಂಬುದು ಆ ಲೇಖನದ ವಾದ. ಸಪ್ಲೈಯರ್ ಇರುವ ಹೋಟೆಲು ದರ್ಶಿನಿಯಾದರೆ ಎರಡೂ ಇಳಿಯುತ್ತವೆ, ಬೆಲೆ ತಗ್ಗಿಸಲು, ಹೆಚ್ಚು ಜನರಿಗೆ ಬೇಗ ಕೊಡಲು ಅನುಕೂಲವಾಗುತ್ತದೆ. ಹಾಗೆಯೇ ‘ಈರುಳ್ಳಿ ಬೇಡ, ಸ್ವಲ್ಪ ಗರಿಗರಿ ಇರಲಿ’ ಎನ್ನುವ ಹಳೆಯ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾರೆ.

ಪ್ರಶ್ನೆ: ಬ್ಲೂಪ್ರಿಂಟ್ ಬರೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು? (ಬಿ.ಬಿ.ಎ. ವಿದ್ಯಾರ್ಥಿ, ಕಾರ್ಕಳ)

ಉತ್ತರ: ಮೊದಲ ಕರಡಿಗೆ ಯಾವುದೂ ಬೇಡ. ಒಂದು ಚಾರ್ಟ್ ಪೇಪರು, ಪೆನ್ಸಿಲು, ಅಂಟಿಸಿ ಕಿತ್ತು ಮತ್ತೆ ಅಂಟಿಸಬಹುದಾದ ಬಣ್ಣದ ಚೀಟಿಗಳು ಸಾಕು. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬಂದ ಚೌಕವನ್ನು ಅಳಿಸಲು ಮನಸ್ಸು ಬರುವುದಿಲ್ಲ, ಆ ಕೆಲಸ ಮಾಡುವವರಿಗೆ ತೋರಿಸಿದಾಗ ‘ಇದು ಹೀಗಲ್ಲ’ ಎನ್ನಲು ಅವರೂ ಹಿಂಜರಿಯುತ್ತಾರೆ. ಗಿರಾಕಿಯ ಸಾಲಿಗೆ ಒಂದು ಬಣ್ಣ, ಕಾಣುವ ಕೆಲಸಕ್ಕೆ ಒಂದು, ಕಾಣದ್ದಕ್ಕೆ ಇನ್ನೊಂದು ಎಂದು ಮಾಡಿಕೊಂಡು, ಸಂಬಂಧಪಟ್ಟ ಸಿಬ್ಬಂದಿಯ ಮುಂದೆ ಹರಡಿ, ಅವರ ಕೈಗೇ ಪೆನ್ಸಿಲು ಕೊಡಿ. ತಿದ್ದುಪಡಿಗಳು ನಿಂತ ಮೇಲೆ ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಯಾವುದಿದೆಯೋ ಅದರಲ್ಲಿ ಪ್ರತಿ ಮಾಡಿ ಸಲ್ಲಿಸಿದರೆ ಸಾಕು.